ವಿದುರನ ಪಾತ್ರಕ್ಕೆ ಜನ ಬೇಕಾಗಿದ್ದಾರೆ

ನಮ್ಮ ಕಡೆ ಮಹಾಭಾರತಕ್ಕೊಂದು ದರಪಟ್ಟಿ ಇದೆ. ವ್ಯಾಸರು ಬರೆದದ್ದಲ್ಲ, ಹಾರ್ಮೋನಿಯಂ ಮೇಷ್ಟ್ರು ಬರೆದದ್ದು. ತೋವಿನಕೆರೆ ಸುತ್ತಿನ ಯಾವುದೋ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡಬೇಕೆಂದು ತೀರ್ಮಾನವಾಯಿತೆನ್ನಿ, ಅವತ್ತೇ ಸಂಜೆ ದೇವಸ್ಥಾನದ ಜಗಲಿ ಮೇಲೆ ಒಂದು ನೋಟ್‌ಬುಕ್ಕು ಬಿಚ್ಚಿಕೊಳ್ಳುತ್ತದೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಕರ್ಣ, ಭೀಮ, ಅರ್ಜುನರಿಗೆ ಅದಕ್ಕಿಂತ ಒಂದು ಕೈ ಕಡಿಮೆ. ನಟನಿಗೆ ಕೊಡುವ ದುಡ್ಡಲ್ಲ ಇದು, ನಟನೇ ಕಟ್ಟುವ ದುಡ್ಡು. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಲೈಟು, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುವ ಮೇಷ್ಟ್ರ ಸಂಬಳ, ದ್ರೌಪದಿ, ಕುಂತಿ, ಉತ್ತರೆಗೆಂದು ಹೊರಗಿನಿಂದ ಕರೆಸುವ ಕಲಾವಿದೆಯರ ಸಂಭಾವನೆ, ಇಷ್ಟೂ ಹುಟ್ಟಬೇಕಾದದ್ದು ಗಂಡು ಪಾತ್ರಗಳ ಜೇಬಿನಿಂದಲೇ.

ಪಟ್ಟಿಯ ತಳದಲ್ಲಿ ಯಾರೂ ಮೊದಲು ಓದದ ಮೂರು ಹೆಸರಿರುತ್ತವೆ: ವಿದುರ, ಸಂಜಯ, ದ್ವಾರಪಾಲಕ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ, ರಾಗ ಹತ್ತದವರಿಗೆ, ‘ಸುಮ್ನೆ ಒಂದು ಸಾರಿ ಬಣ್ಣ ಹಚ್ಕೋತೀನಿ ಬಿಡ್ರಣ್ಣ’ ಅನ್ನುವವರಿಗೆ ಮೀಸಲು.

‘ಮೇಷ್ಟ್ರೇ, ದುರ್ಯೋಧನ ಈ ಸಾರಿ ಬಲು ದುಬಾರಿ ಆಗ್ಬುಟ್ಟವ್ನೆ’ ಅಂದ ಬೇಲಿಯಾಚೆಯ ಅಣ್ಣ.

ನಮ್ಮಿಬ್ಬರ ನಡುವೆ ಇರುವುದು ಕತ್ತಾಳೆ ಬೇಲಿ. ಹಸು ನುಗ್ಗಿ ಆದ ಕಂಡಿಯೊಂದು ಅದರಲ್ಲಿದೆ, ಊರಿನ ಸುದ್ದಿಯೆಲ್ಲ ನನಗೆ ಬರುವುದು ಆ ಕಂಡಿಯಿಂದಲೇ. ಅಣ್ಣ ಹಿಂದೆ ದುಶ್ಶಾಸನ ಮಾಡಿದ್ದಾನೆ, ಶಕುನಿಯನ್ನೂ ಮಾಡಿದ್ದಾನೆ. ಈ ವರ್ಷ ಹುಣಸೆಹಣ್ಣಿಗೆ ರೇಟು ಸಿಕ್ಕಿದ್ದೇ ತಡ, ಹಸ್ತಿನಾವತಿಯ ಸಿಂಹಾಸನದ ಮೇಲೆ ಕಣ್ಣು ಬಿದ್ದಿದೆ. ಆದರೆ ಬೆಂಗಳೂರಿನಲ್ಲಿ ಟ್ಯಾಕ್ಸಿ ಇಟ್ಟಿರುವ ಪಕ್ಕದ ಬೀದಿಯ ಹುಡುಗನೂ ಅದಕ್ಕೇ ಕೂಗಿದ್ದಾನಂತೆ, ಇವನಿಗಿಂತ ಒಂದು ಮುಷ್ಟಿ ಜಾಸ್ತಿ.

‘ವಿದುರ ಮಾಡಣ್ಣ. ಅಗ್ಗಕ್ಕೆ ಸಿಗ್ತಾನೆ’ ಅಂದೆ.

ಅಣ್ಣ ನನ್ನನ್ನು ನೋಡಿದ ರೀತಿ ನೋಡಿದ್ದರೆ ಭೀಷ್ಮನೂ ಸುಮ್ಮನಾಗುತ್ತಿದ್ದ. ‘ನಮ್ ಬೀಗ್ರು ಸಿರಾದಿಂದ ಬತ್ತಾರೆ ಮೇಷ್ಟ್ರೇ. ಮುಂದ್ಗಡೆ ಸಾಲಲ್ಲೇ ಕೂತಿರ್ತಾರೆ. ಅವ್ರೆದ್ರಿಗೆ ಬಿಳಿ ಪಂಚೆ ಉಟ್ಕೊಂಡು, ‘ಮಹಾರಾಜಾ, ಬೇಡ’ ಅಂತ ಕೈ ಮುಕ್ಕೊಂಡು ನಿಂತ್ಕೊಳ್ಲಾ?’

ಅವನ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. ಕಿರೀಟ ಇಲ್ಲ, ಭುಜಕೀರ್ತಿ ಇಲ್ಲ, ಗದೆ ಇಲ್ಲ. ಕಾಲು ಗಂಟೆ ಎಳೆಯಬಹುದಾದ ರಾಗ ಇಲ್ಲ, ಒನ್ಸ್ ಮೋರ್ ಇಲ್ಲ. ಫ್ಲೆಕ್ಸಿನಲ್ಲಿ ದುರ್ಯೋಧನನ ಫೋಟೊ ಆಳೆತ್ತರ ನಿಂತರೆ ವಿದುರನದು ಕೆಳಗಿನ ಸಾಲಿನಲ್ಲಿ, ಆಧಾರ್ ಕಾರ್ಡಿನ ಫೋಟೊವನ್ನೇ ತೆಗೆದು ಅಂಟಿಸಿದ್ದು. ಆದರೂ ಇಡೀ ಹಸ್ತಿನಾವತಿಯಲ್ಲಿ ರಾಜನ ಮುಖ ನೋಡಿ ‘ನೀನು ಮಾಡುತ್ತಿರುವುದು ತಪ್ಪು’ ಎಂದು ಮತ್ತೆ ಮತ್ತೆ ಹೇಳಿದವನು ಅವನೊಬ್ಬ. ಧೃತರಾಷ್ಟ್ರನಿಗೂ ಪಾಂಡುವಿಗೂ ತಮ್ಮ, ಆದರೆ ಹುಟ್ಟಿದ್ದು ಅರಮನೆಯ ದಾಸಿಯ ಹೊಟ್ಟೆಯಲ್ಲಿ. ಹಾಗಾಗಿ ಸಿಂಹಾಸನದ ಪಕ್ಕದಲ್ಲಿ ನಿಲ್ಲಬಹುದು, ಮೇಲೆ ಕೂರುವ ಹಾಗಿಲ್ಲ. ಕುರುಡ ರಾಜನಿಗೆ ರಾತ್ರಿ ನಿದ್ದೆ ಬಾರದಿದ್ದರೆ ವಿದುರ ಬೇಕು. ಬೆಳಗಾದ ಮೇಲೆ ಅವನು ಹೇಳಿದ್ದು ಬೇಡ. ಭೀಷ್ಮ, ದ್ರೋಣರಿಗೂ ಸರಿತಪ್ಪು ಗೊತ್ತಿತ್ತು, ಒಂದೆರಡು ಸಾರಿ ಹೇಳಿಯೂ ಹೇಳಿದರು. ಆದರೆ ಉಂಡ ಮನೆಯ ಲೆಕ್ಕ ಹಾಕಿಕೊಂಡು ಕಡೆಗೆ ಅದೇ ಪಕ್ಷದಲ್ಲಿ ರಥ ಹತ್ತಿದರು. ನಮ್ಮ ದರಪಟ್ಟಿಗೂ ಹಸ್ತಿನಾವತಿಯ ದರಪಟ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ ಅನ್ನುವುದು ನನ್ನ ಗುಮಾನಿ. ನಿಜ ಹೇಳುವವನಿಗೆ ಎರಡೂ ಕಡೆ ಕೆಳಗಿನ ಸಾಲು.

ನಾಟಕದ ರಾತ್ರಿ ಇದನ್ನು ಕಣ್ಣಾರೆ ನೋಡಬೇಕು. ಕೃಷ್ಣ ಸಂಧಾನಕ್ಕೆ ಹೊರಡಬೇಕು ಅನ್ನುವಷ್ಟರಲ್ಲಿ ಪರದೆ ಬೀಳುತ್ತದೆ. ‘ಈಗ ಸಭಾ ಕಾರ್ಯಕ್ರಮ’ ಎಂದು ಮೈಕು ಕೂಗುತ್ತದೆ. ಹಿಂದೆ ಹಸ್ತಿನಾವತಿಯ ಸೀನರಿ ಹಾಗೇ ಇರುತ್ತದೆ, ದುರ್ಯೋಧನನ ಸಿಂಹಾಸನ ಮಾತ್ರ ಪಕ್ಕಕ್ಕೆ ಸರಿದು ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ. ನಡುವಿನ ಕುರ್ಚಿಗೆ ಟರ್ಕಿ ಟವೆಲ್. ಯಾರು ಟವೆಲ್ಲಿನ ಮೇಲೆ, ಯಾರು ಅದರ ಬಲಕ್ಕೆ, ಯಾರು ತುದಿಗೆ ಅನ್ನುವುದರ ಮೇಲೆ ಬೆಳಗಿನಿಂದ ಮೂರು ಸಂಧಾನ ನಡೆದಿರುತ್ತದೆ. ಇದಕ್ಕೆ ಸ್ವಲ್ಪ ಮುಂಚೆ ಅದೇ ವೇದಿಕೆಯಲ್ಲಿ ಕೃಷ್ಣ ಮಲಗಿದ್ದ, ದುರ್ಯೋಧನ ಅವನ ತಲೆಯ ಕಡೆ ಕೂತಿದ್ದ, ಅರ್ಜುನ ಕಾಲ ಕಡೆ. ಎದ್ದಾಗ ಮೊದಲು ಕಂಡದ್ದು ಕಾಲ ಕಡೆಯವನು. ತಲೆ ಕಡೆಯವನಿಗೆ ಯಾದವರ ಸೈನ್ಯ ಸಿಕ್ಕಿತು, ಕಾಲ ಕಡೆಯವನಿಗೆ ಕೃಷ್ಣನೇ ಸಿಕ್ಕಿದ. ಇಷ್ಟನ್ನು ನೋಡಿ ಚಪ್ಪಾಳೆ ತಟ್ಟಿದ ಜನವೇ ಟವೆಲ್ಲಿನ ಕುರ್ಚಿಗೆ ಕಿತ್ತಾಡುತ್ತಾರೆ.

ಆಮೇಲೆ ಹೊಗಳಿಕೆ. ಕಲಾಪೋಷಕರು, ಸರಳ ಸಜ್ಜನರು, ಬಡವರ ಬಂಧು, ಕೊಡುಗೈ ದಾನಿ, ಕಲಿಯುಗದ ಕರ್ಣ. ಇಂಥ ವೇದಿಕೆಯ ಮುಂದೆ ಚಾಪೆ ಹಾಸಿಕೊಂಡು ಕೂತು ಎಷ್ಟೋ ಕಲಿಯುಗದ ಕರ್ಣರನ್ನು ನೋಡಿದ್ದೇನೆ. ಯಾರನ್ನೂ ‘ಕಲಿಯುಗದ ವಿದುರ’ ಎಂದು ಕರೆದದ್ದು ಕೇಳಿಲ್ಲ. ಕರೆದರೆ ಆ ಮನುಷ್ಯ ಬೇಸರ ಮಾಡಿಕೊಂಡಾನು. ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ ಮುಗಿದ ಮೇಲೆ ಮುಯ್ಯಿ. ‘ದುರ್ಯೋಧನ ಪಾತ್ರಧಾರಿಗೆ ಅವರ ಬಾಮೈದುನರಿಂದ ಒಂದು ಉಂಗುರ’ ಎಂದಾಗ ಕೇಕೆ. ಪಕ್ಕದಲ್ಲಿ ದಾಳ ಹಿಡಿದು ನಿಂತ ಶಕುನಿಯೂ ಚಪ್ಪಾಳೆ ತಟ್ಟುತ್ತಾನೆ. ಅವನೂ ಧೃತರಾಷ್ಟ್ರನ ಬಾಮೈದನೇ ತಾನೇ?

ಹೀಗೆಂದು ಈ ನಾಟಕಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಹಗಲೆಲ್ಲ ಇನ್ನೊಬ್ಬರ ತೋಟದಲ್ಲಿ ಅಡಿಕೆ ಸುಲಿದವನು ರಾತ್ರಿ ಚಕ್ರವರ್ತಿಯಾಗಿ ಕೂರುವುದು, ತೋಟದ ಯಜಮಾನ ಕಿರೀಟವಿಲ್ಲದ ನಕುಲನಾಗಿ ಮೂಲೆಯಲ್ಲಿ ನಿಲ್ಲುವುದು ನಮ್ಮ ಹಳ್ಳಿಗಳಲ್ಲಿ ಬೇರೆ ಎಲ್ಲೂ ಸಾಧ್ಯವಿಲ್ಲದ ಮಾತು. ದುಡ್ಡು ಕಟ್ಟಿದವನಿಗೆ ಪಾತ್ರ ಅನ್ನುವ ನಿಯಮ ಕೆಟ್ಟದ್ದೇ ಇರಬಹುದು, ಜಾತಿ ನೋಡಿ ಪಾತ್ರ ಅನ್ನುವುದಕ್ಕಿಂತ ಎಷ್ಟೋ ಮೇಲು. ಆ ಇನ್ನೊಂದು ನಿಯಮವೂ ಪೂರ್ತಿ ಸತ್ತಿಲ್ಲ ಅನ್ನುವುದು ಬೇರೆ. ನಾಟಕ ಮುಗಿದ ಬೆಳಿಗ್ಗೆ ಬಣ್ಣ ತೊಳೆದುಕೊಂಡ ಚಕ್ರವರ್ತಿ ಯಾವ ಮನೆಯ ಒಳಗೆ ಕಾಫಿ ಕುಡಿಯುತ್ತಾನೆ, ಯಾವ ಮನೆಯ ಹೊರಗೆ ಅನ್ನುವುದನ್ನು ಯಾವ ಮೇಷ್ಟ್ರೂ ಕಲಿಸುವುದಿಲ್ಲ.

ಅಣ್ಣನಿಗೆ ಒಂದು ಕಥೆ ಹೇಳಿದೆ. ಇಂಗ್ಲಿಷಿನವರ ನಾಟಕ, ನಮ್ಮ ಮಾಸ್ತಿಯವರು ‘ಲಿಯರ್ ಮಹಾರಾಜ’ ಅಂತ ಕನ್ನಡಕ್ಕೆ ತಂದಿದ್ದಾರೆ. ಮುದಿ ರಾಜ, ಮೂವರು ಹೆಣ್ಣು ಮಕ್ಕಳು. ‘ಯಾರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಹೇಳಿ, ಅಷ್ಟು ರಾಜ್ಯ ಕೊಡ್ತೀನಿ’ ಅಂತಾನೆ. ದೊಡ್ಡ ಇಬ್ಬರು ಜೇನು ಸುರಿಸುತ್ತಾರೆ. ಕಿರಿಯವಳು, ‘ಮಗಳಿಗೆ ಎಷ್ಟಿರಬೇಕೋ ಅಷ್ಟಿದೆ’ ಅನ್ನುತ್ತಾಳೆ. ಅವಳಿಗೆ ಏನೂ ಇಲ್ಲ, ಅವಳ ಪರ ಮಾತಾಡಿದ ಕೆಂಟ್ ಅನ್ನುವ ಸರದಾರನಿಗೆ ಗಡೀಪಾರು.

‘ಬದುಕಿರೋವಾಗ್ಲೇ ಖಾತೆ ಮಾಡ್ಕೊಟ್ಬುಟ್ನಾ?’ ಅಣ್ಣ ಬೇಲಿ ಹತ್ತಿರಕ್ಕೇ ಬಂದ. ನಾಟಕ ಇನ್ನು ನೋಡುವುದೇ ಬೇಡ, ಎಲ್ಲಿ ಕೆಟ್ಟಿತು ಅಂತ ಗೊತ್ತಾಗಿಹೋಗಿತ್ತು ಅವನಿಗೆ. ‘ಷರತ್ತು ಏನಾನ ಬರಿಸ್ಕೊಂಡಿದ್ನಾ?’

‘ನೂರು ಜನ ಸರದಾರರನ್ನ ಇಟ್ಕೋತೀನಿ, ತಿಂಗಳು ಒಬ್ಬೊಬ್ಬ ಮಗಳ ಮನೇಲಿ ಇರ್ತೀನಿ, ನೀವು ನೋಡ್ಕೋಬೇಕು ಅಂತ.’

‘ನೋಡ್ಕೊಂಡ್ರಾ?’

‘ನೂರು ಯಾಕೆ, ಐವತ್ತು ಸಾಕು ಅಂದ್ರು. ಆಮೇಲೆ ಇಪ್ಪತ್ತೈದು. ಕಡೆಗೆ ಒಬ್ಬನಾದ್ರೂ ಯಾಕೆ ಅಂದ್ರು. ಮುದುಕ ಮಳೆ ಗಾಳೀಲಿ ಬಯಲಿಗೆ ಬಂದ.’

‘ಮದುಗಿರಿ ಏಸಿ ಆಫೀಸಿಗೆ ಒಂದು ಅರ್ಜಿ ಹಾಕಿದ್ರೆ ಮುಗೀತಿತ್ತು’ ಅಂದ ಅಣ್ಣ.

ಅಣ್ಣ ತಮಾಷೆಗೆ ಹೇಳಿದ್ದಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ 23ನೇ ಕಲಂ ಇದೆ. ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗಳ ಮುಂದೆ. ಕೊರಟಗೆರೆ, ಸಿರಾ, ಪಾವಗಡ, ಮಧುಗಿರಿ ನಾಲ್ಕಕ್ಕೂ ಮಧುಗಿರಿಯೇ. ಲಿಯರ್ ಮಹಾರಾಜ ನಮ್ಮ ತಾಲ್ಲೂಕಿನವನಾಗಿದ್ದರೆ, ಷರತ್ತು ಬಾಯಿಮಾತಲ್ಲದೆ ಪತ್ರದ ಮೇಲಿದ್ದರೆ, ಕೇಸು ಗಟ್ಟಿಯಾಗೇ ನಿಲ್ಲುತ್ತಿತ್ತು. ಪಾಪ, ನಾಟಕ ಮಾತ್ರ ಮೂರನೇ ಅಂಕಕ್ಕೆ ನಿಂತುಹೋಗುತ್ತಿತ್ತು.

‘ಆ ಸರದಾರ ಏನಾದ?’ ಅಣ್ಣನಿಗೆ ಮಗಳಿಗಿಂತ ಅವನ ಮೇಲೆ ಕುತೂಹಲ.

‘ವೇಷ ಮರೆಸ್ಕೊಂಡು ಅದೇ ರಾಜನ ಹತ್ರ ಕೂಲಿ ಆಳಾಗಿ ಸೇರ್ಕೊಂಡ. ಬೈದು ಓಡಿಸಿದ್ನಲ್ಲ, ಅವನ ಹತ್ರಾನೇ. ಮಗಳು ಅಳಿಯ ಸೇರಿ ಅವನ ಕಾಲಿಗೆ ಕೋಳ ಹಾಕಿಸಿದ್ರು. ಆದ್ರೂ ಬಿಡ್ಲಿಲ್ಲ.’

ಅಣ್ಣ ಸ್ವಲ್ಪ ಹೊತ್ತು ಹುಣಸೆ ಚೀಲದ ಬಾಯಿ ಕಟ್ಟಿದ, ಬಿಚ್ಚಿದ. ‘ಅವ್ನು ಕರ್ಣನ ಜಾತಿ’ ಅಂದ.

ನಾನು ಅಲ್ಲವೆಂದೆ. ನಮ್ಮಿಬ್ಬರ ಜಗಳ ಶುರುವಾದದ್ದು ಅಲ್ಲಿ.

ಕರ್ಣನ ಹೆಸರು ಹೇಳಿದರೆ ನಮ್ಮ ಸೀಮೆಯಲ್ಲಿ ಕಣ್ಣೀರು ಬಾರದವರಿಲ್ಲ. ಸೂತನ ಮಗನೆಂದು ರಂಗದ ನಡುವೆ ಕುಲ ಕೇಳಿ ಅವಮಾನ ಮಾಡಿದಾಗ ದುರ್ಯೋಧನ ಎದ್ದು ನಿಂತು ಅಂಗರಾಜ್ಯ ಕೊಟ್ಟ. ಒಂದು ನಿಮಿಷದಲ್ಲಿ ಜಾತಿ ಬದಲಾಯಿತು, ಸಾಲವೂ ಹತ್ತಿತು. ಅವತ್ತಿನಿಂದ ಸಾಯುವ ತನಕ ಕರ್ಣ ಕಟ್ಟಿದ್ದು ಬಡ್ಡಿ. ದ್ರೌಪದಿಯನ್ನು ಸಭೆಗೆ ಎಳೆದಾಗ ಅವನ ಬಾಯಿಂದ ಬಂದ ಮಾತು ದುಶ್ಶಾಸನನ ಕೈಗಿಂತ ಕೊಳಕು. ಅದು ಅವನ ಮನಸ್ಸಿನದೋ ಸಾಲಗಾರನ ಮಾತೋ ಯಾರಿಗೆ ಗೊತ್ತು. ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ಇದು ಅನ್ಯಾಯ ಅಂದ. ಅವನಿಗೆ ‘ಕೂತ್ಕೋ, ಚಿಕ್ಕವನು ನೀನು’ ಅಂದವನು ಕರ್ಣನೇ. ಋಣದ ಮೇಲೆ ನಿಂತ ನಿಷ್ಠೆ ದೊಡ್ಡದೇ, ಆದರೆ ಸಾಲ ಕೊಟ್ಟವನಿಗೆ ‘ತಪ್ಪು’ ಅನ್ನುವ ಶಕ್ತಿ ಅದಕ್ಕಿಲ್ಲ. ಕೆಂಟ್ ಯಾರಿಗೂ ಏನೂ ಬಾಕಿ ಇಟ್ಟುಕೊಂಡಿರಲಿಲ್ಲ. ಅದಕ್ಕೇ ಅವನು ರಾಜನನ್ನು ಬೈಯಬಲ್ಲವನಾಗಿದ್ದ, ಬೈದ ಮೇಲೂ ಜೊತೆಗೆ ಇರಬಲ್ಲವನಾಗಿದ್ದ.

ಹಾಗೆ ನೋಡಿದರೆ ದುರ್ಯೋಧನ ಹೊಗಳಿಕೆಗೆ ಬಲಿಯಾದವನಷ್ಟೇ ಅಲ್ಲ, ಹೊಗಳಿಕೆಯ ಕಸುಬನ್ನೂ ಚೆನ್ನಾಗಿ ಬಲ್ಲವನು. ಶಲ್ಯನ ಕಥೆ ನೋಡಿ. ನಕುಲ ಸಹದೇವರ ಸೋದರಮಾವ, ಪಾಂಡವರ ಕಡೆಗೆಂದು ಸೈನ್ಯ ಕಟ್ಟಿಕೊಂಡು ಹೊರಟವನು. ದಾರಿಯುದ್ದಕ್ಕೂ ದುರ್ಯೋಧನ ಚಪ್ಪರ ಹಾಕಿಸಿ ಊಟ ಉಪಚಾರ ಮಾಡಿಸಿದ. ಯಾರು ಮಾಡಿಸಿದ್ದು ಅಂತ ತಿಳಿಯುವ ಮುಂಚೆಯೇ ಮಾವ ‘ಏನು ಬೇಕು ಕೇಳು’ ಅಂದುಬಿಟ್ಟ. ಅಲ್ಲಿಗೆ ಪಕ್ಷ ಬದಲು. ಆಮೇಲೆ ಕರ್ಣನಿಗೆ ಸಾರಥಿ ಬೇಕಾದಾಗ, ‘ಮದ್ರದ ರಾಜ ನಾನು, ಸೂತನ ರಥ ಹೊಡೀಲಾ?’ ಎಂದು ಶಲ್ಯ ಕೆಂಡವಾದ. ದುರ್ಯೋಧನ ಕೈ ಹಿಡಿದು, ‘ನೀನು ಕೃಷ್ಣನಿಗಿಂತ ಮೇಲು’ ಅಂದ. ಅಷ್ಟಕ್ಕೇ ಕರಗಿ ಹಗ್ಗ ಹಿಡಿದ. ರಥವನ್ನೇನೋ ಹೊಡೆದ, ದಾರಿಯುದ್ದಕ್ಕೂ ಕರ್ಣನ ಕುಲ ಎತ್ತಿ ಆಡಿ ಅವನ ಎದೆಯನ್ನೂ ಒಡೆದ. ಹಾಗೆ ಮಾಡುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದನಲ್ಲ. ಹೊಗಳಿ ಕೊಂಡ ಸಾರಥಿ ಕರ್ಣಾವಸಾನದ ಸೀನಿನಲ್ಲಿ ಎಷ್ಟು ಉಪಯೋಗಕ್ಕೆ ಬಂದ ಅನ್ನುವುದು ರಥದ ಚಕ್ರ ಹೂತಾಗ ಕಾಣುತ್ತದೆ.

ನಮ್ಮ ಹಳೆಯ ಕವಿಗಳಿಗೆ ಈ ಕಸುಬಿನ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು, ಅವರೂ ಆಸ್ಥಾನದಲ್ಲಿ ಕೂತವರೇ. ಪಂಪ 941ರಲ್ಲಿ ಅರಿಕೇಸರಿಯನ್ನು ಅರ್ಜುನನನ್ನಾಗಿ ಮಾಡಿ ಭಾರತ ಬರೆದ, ಮನಸ್ಸನ್ನು ಮಾತ್ರ ಕರ್ಣನಿಗೆ ಕೊಟ್ಟುಬಿಟ್ಟ. ಬಳೆಗಾರರ ಮನೆಯಲ್ಲಿ ಹುಟ್ಟಿದ ಮುಧೋಳದ ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮ ಮಾಡಿ ಹೊಗಳಲು ‘ಗದಾಯುದ್ಧ’ ಹಿಡಿದವನು ತೊಡೆ ಮುರಿಸಿಕೊಂಡ ದುರ್ಯೋಧನನನ್ನೇ ದೊಡ್ಡವನನ್ನಾಗಿ ಮಾಡಿಟ್ಟ. ರಣರಂಗದಲ್ಲಿ ಹೆಣಗಳ ನಡುವೆ ಗುರುವನ್ನು, ತಮ್ಮನನ್ನು, ಗೆಳೆಯನನ್ನು ಹುಡುಕಿಕೊಂಡು ನಡೆಯುವ ಆ ರಾಜನ ಜೊತೆಗೆ ಯಾರಿದ್ದಾರೆ? ಸಂಜಯ. ಸೂತ. ನಮ್ಮ ದರಪಟ್ಟಿಯ ಕಟ್ಟಕಡೆಯವರಲ್ಲೊಬ್ಬ. ಜೈಕಾರ ಹಾಕಿದವರೆಲ್ಲ ನೆಲದ ಮೇಲೆ, ‘ಸಂಧಿ ಮಾಡಿಕೋ’ ಎಂದವನು ಪಕ್ಕದಲ್ಲಿ. ಸತ್ಯಾಶ್ರಯನಿಗೆ ಈ ಕಾವ್ಯ ಓದಿಸಿದಾಗ ಅವನ ಮುಖ ಹೇಗಿತ್ತೋ ನೋಡಬೇಕಿತ್ತು.

ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರು ಈ ರನ್ನನನ್ನು 1926ರಲ್ಲಿ ‘ಗದಾಯುದ್ಧ ನಾಟಕಂ’ ಮಾಡಿದರು. ಮೂರು ವರ್ಷದ ಮೇಲೆ ಸಾಫೊಕ್ಲಿಸನ ಗ್ರೀಕ್ ನಾಟಕವೊಂದನ್ನು ಕುರುಕ್ಷೇತ್ರಕ್ಕೆ ತಂದು ‘ಅಶ್ವತ್ಥಾಮನ್’ ಬರೆದರು. ದುರಂತ ನಾಟಕ ಕನ್ನಡಕ್ಕೆ ಬೇಕು ಎಂದು ಹಟ ಹಿಡಿದವರು ಅವರು. ವಿದ್ವಾಂಸರು ಇದನ್ನು ಚರ್ಚಿಸುತ್ತಿದ್ದ ಕಾಲಕ್ಕೇ ನಮ್ಮ ಜಿಲ್ಲೆಯ ಗುಬ್ಬಿ ಕಂಪನಿ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆ ಸಮೇತ ರಂಗಕ್ಕೆ ತಂದಿತು. ಜನ ಆನೆ ನೋಡಲು ಬಂದರೋ ದುರಂತ ನೋಡಲು ಬಂದರೋ, ಬಂದದ್ದಂತೂ ನಿಜ.

ಅಣ್ಣ ಇಷ್ಟನ್ನೂ ಕೇಳಿ ಒಂದೇ ಏಟು ಹೊಡೆದ.

‘ಸರಿ ಮೇಷ್ಟ್ರೇ. ನಿಮ್ ವಿದುರ ಏನ್ ಮಾಡ್ದ? ಕೃಷ್ಣ ಅವ್ನ ಮನೇಲಿ ಉಂಡ ಅಂತ ದುರ್ಯೋಧನ ಬೈದ. ಇವ್ನು ಬಿಲ್ ಮುರುದ್ ಹಾಕ್ದ. ಯುದ್ಧಕ್ಕೇ ಬರ್ನಿಲ್ಲ. ಕರ್ಣ ಸಾಲ್ಗಾರನೇ ಆಗ್ಲಿ, ಜೊತೇಲಿ ನಿಂತ್ಕೊಂಡು ಸತ್ತ. ಇವ್ನು ನಿಜ ಹೇಳ್ದ, ಮನೆಗೋಗಿ ಕೂತ್ಕೊಂಡ. ನಮ್ಮೂರಲ್ಲೂ ಅವ್ರೆ ಅಂತೋರು. ಸೊಸೈಟಿ ಮೀಟಿಂಗ್ನಾಗೆ ಎದ್ದು ಎಲ್ರಿಗೂ ಬುದ್ಧಿ ಹೇಳ್ತಾರೆ, ಕೆಲ್ಸದ ದಿನ ಕಾಣಾಕಿಲ್ಲ.’

ಕುಮಾರವ್ಯಾಸನಲ್ಲಿ ವಿದುರ ಬಿಲ್ಲು ಮುರಿಯುವುದು ಹೌದು. ಮುರಿದದ್ದು ಸಿಟ್ಟಿಗಲ್ಲ, ಆ ಬಿಲ್ಲು ಇದ್ದಿದ್ದರೆ ಪಾಂಡವರ ಮೇಲೆ ಹೂಡಬೇಕಾಗುತ್ತಿತ್ತು ಅನ್ನುವುದಕ್ಕೆ ಎಂದು ನಾನು ವಾದಿಸಿದೆ. ಕೆಡುಕಿನ ಪಕ್ಷದಲ್ಲಿ ನಿಂತು ಸಾಯುವುದು ನಿಷ್ಠೆಯಾದರೆ ಶಕುನಿಯೂ ನಿಷ್ಠಾವಂತನೇ ಅಲ್ಲವೇ ಎಂದೆ. ಅಣ್ಣ ತಲೆ ಆಡಿಸಲಿಲ್ಲ. ಸತ್ತವನ ಮುಂದೆ ಮಾತಾಡಿದವನು ನಿಲ್ಲಲಾರ ಅನ್ನುವುದು ಅವನ ಪಟ್ಟು, ಇಡೀ ಹಳ್ಳಿಯ ಪಟ್ಟೂ ಅದೇ. ರನ್ನನ ಪಟ್ಟೂ ಅದೇ ಇದ್ದೀತು.

ಅಷ್ಟರಲ್ಲಿ ಅಣ್ಣನ ಮನೆಯ ಅಕ್ಕ ಹಾಲಿನ ಕ್ಯಾನು ಹಿಡಿದುಕೊಂಡು ಬಂದಳು. ವಿಷಯ ಏನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ‘ಹುಣ್ಸೇಹಣ್ಣಿನ್ ದುಡ್ಡು ಕಿರೀಟಕ್ಕೆ ಹಾಕ್ತಾರಂತೆ ಮೇಷ್ಟ್ರೇ, ಕೇಳುದ್ರಾ? ಮೊನ್ನೆ ನಾಕ್ ಜನ ಬಂದು, ‘ಅಣ್ಣಾ, ನಿನ್ ಗಂಟ್ಲಿಗೆ ಈ ಹೋಬಳೀಲೇ ಜೋಡಿಲ್ಲ’ ಅಂತ ಕಾಫಿ ಕುಡ್ಕೊಂಡ್ ಹೋದ್ರು. ಅವತ್ನಿಂದ ಹೊಲದಾಗೆ ನಿಂತ್ಕೊಂಡು ‘ಎಲೈ ಭೀಮಾ’ ಅಂತಾವ್ರೆ. ಎಮ್ಮೆ ಹೆದ್ರಿ ಹಾಲ್ ಇಳುಸ್ತಿಲ್ಲ.’

‘ಗಂಟ್ಲು ಚೆನ್ನಾಗಿಲ್ವಾ ಮತ್ತೆ?’ ಅಣ್ಣನ ದನಿ ಸ್ವಲ್ಪ ಇಳಿಯಿತು.

‘ಶಕುನಿ ನಗೆ ಚೆನ್ನಾಗಿತ್ತು. ಅದು ಮಾಡಿ’ ಎಂದು ಅವಳು ಡೇರಿ ಕಡೆ ಹೊರಟಳು.

ಅವನನ್ನು ಸಮಾಧಾನ ಮಾಡಲು ಗುಬ್ಬಿ ವೀರಣ್ಣನವರ ಮಾತು ತೆಗೆದೆ. 1884ರಲ್ಲಿ ಹುಟ್ಟಿದ ಕಂಪನಿ, ಆಮೇಲೆ ಅವರೇ ಯಜಮಾನರು. ಬೇಕಾದ ಕಿರೀಟ ಇಟ್ಟುಕೊಳ್ಳಬಹುದಿತ್ತು, ಅವರು ದರ ಕಟ್ಟಬೇಕಾಗಿರಲಿಲ್ಲ. ಆದರೆ ನಮ್ಮ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಬರೆದ ‘ಸದಾರಮೆ’ಯಲ್ಲಿ ವೀರಣ್ಣ ಮಾಡಿದ್ದು ಕಳ್ಳನ ಪಾತ್ರ. ರಾಜಕುಮಾರ ಯಾರೆಂದು ಈಗ ಯಾರಿಗೂ ನೆನಪಿಲ್ಲ, ಕಳ್ಳನನ್ನು ಮರೆತವರಿಲ್ಲ. ಮೇಲಿನ ಸಾಲು ಕೆಳಗಿನ ಸಾಲು ಅನ್ನುವುದೆಲ್ಲ ಫ್ಲೆಕ್ಸ್ ಮಾಡುವವನ ಲೆಕ್ಕ, ಆಡುವವನಿಗೆ ಅಳುಕು ಬೇಡ ಎಂದೆ. ವಿದುರನನ್ನು ಯಾರಾದರೂ ಗಂಟಲು ಇರುವವರು, ಧೈರ್ಯ ಇರುವವರು ಮಾಡಿ ತೋರಿಸಬೇಕು. ‘ಮಹಾರಾಜಾ, ಬೇಡ’ ಅನ್ನುವ ಮಾತನ್ನು ಕೈ ಮುಗಿದು ಹೇಳಬೇಕೆಂದು ಯಾವ ಶಾಸ್ತ್ರದಲ್ಲಿದೆ? ಎದೆ ಎತ್ತಿ ಹೇಳಲಿ. ಅದೂ ಸಭಾ ಕಾರ್ಯಕ್ರಮ ಮುಗಿದು, ಟವೆಲ್ಲಿನ ಕುರ್ಚಿಯವರು ಇನ್ನೂ ಮುಂದಿನ ಸಾಲಿನಲ್ಲಿ ಕೂತಿರುವಾಗ.

ಈ ಕಡೆಯ ಮಾತು ಅವನಿಗೆ ಹಿಡಿಸಿದ ಹಾಗೆ ಕಂಡಿತು. ಬೇಲಿಯ ಕಂಡಿಯಲ್ಲಿ ತಲೆ ತೂರಿಸಿ ದನಿ ತಗ್ಗಿಸಿ ಕೇಳಿದ:

‘ಕುರ್ಚಿಯೋರ್ ಕಡೆ ಕೈ ತೋರ್ಸಿ ಹೇಳ್ಬೋದಾ?’

‘ಧಾರಾಳವಾಗಿ. ನೀನು ಧೃತರಾಷ್ಟ್ರನಿಗೆ ಹೇಳ್ತಿರೋದು. ಅವರು ಅಡ್ಡ ಕೂತಿದ್ರೆ ನೀನೇನು ಮಾಡ್ತೀಯ?’

‘ವಿದುರನಿಗೆ ಪದ್ಯ ಎಷ್ಟವೆ?’

‘ಹೆಚ್ಚಿಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿದ್ರೆ ಒಂದು ಕಂದ ಸೇರಿಸಿ ಕೊಡ್ತಾರೆ.’

‘ಒಂದು ಕಂದ, ಒಂದು ವೃತ್ತ’ ಅಂದ ಅಣ್ಣ. ‘ಅದೂ ಆ ಟ್ಯಾಕ್ಸಿ ಹುಡ್ಗ ದುರ್ಯೋಧನ ಆದ್ರೆ ಮಾತ್ರ. ಅವ್ನಿಗೆ ಎದ್ರುಗಡೇನೇ ಬೈಬೇಕು ಅಂತ ಭಾಳ ದಿನದಿಂದ ಆಸೆ ಐತೆ.’